ಕೊತ್ತಿ ದಾಟುವಷ್ಟು ನೀರು

ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಲ್ಲಿ ನೀರಿನ ಮಟ್ಟ ಬರೆದುಕೊಳ್ಳುವುದೇ ನನ್ನ ನೌಕರಿಯಾಗಿತ್ತು. ಬೆಳಿಗ್ಗೆ ಹೋಗಿ ಗೇಜ್ ನೋಡುವುದು, ಅಡಿ ಎಷ್ಟು ಇಂಚು ಎಷ್ಟು ಬರೆಯುವುದು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್ ಎಂದು ಮೇಲಿನವರಿಗೆ ಫೋನಿನಲ್ಲಿ ಒಪ್ಪಿಸುವುದು. ಮಾರನೆಯ ದಿನ ಪೇಪರಿನ ಮೂಲೆಯಲ್ಲಿ ಆ ಅಂಕಿ ಬರುತ್ತಿತ್ತು. ದಾವಣಗೆರೆ ಕಡೆಯ ಭತ್ತದ ರೈತರು, ಭದ್ರಾವತಿ ಸುತ್ತಿನ ಅಡಿಕೆ ತೋಟದವರು ಚಹಾ ಕುಡಿಯುತ್ತಾ ಮೊದಲು ನೋಡುತ್ತಿದ್ದುದು ಅದನ್ನೇ. ಮದುವೆ ಮನೆಗೆ ಹೋದರೂ ನನ್ನನ್ನು ಯಾರೂ ಆರೋಗ್ಯ ಕೇಳುತ್ತಿರಲಿಲ್ಲ. "ಎಷ್ಟಿದೆ ರೀ ಡ್ಯಾಮು?" ಅಷ್ಟೇ.

ನಿವೃತ್ತಿಯಾದ ಮೇಲೂ ಆ ಚಾಳಿ ಬಿಟ್ಟಿಲ್ಲ. ಹಿನ್ನೀರು ಕಂಡರೆ ಕಣ್ಣು ಮೊದಲು ದಡದ ಗೆರೆ ಹುಡುಕುತ್ತದೆ. ನೀರು ನಿನ್ನೆ ಎಲ್ಲಿತ್ತು, ಇವತ್ತು ಎಲ್ಲಿದೆ. ಹಕ್ಕಿ ನೋಡುವ ಹುಚ್ಚು ಅಂಟಿದ್ದೂ ಇದೇ ಗೆರೆಯಿಂದ. ಹಾಗಾಗಿ ಹಕ್ಕಿಗಳ ಬಗ್ಗೆ ನಾನು ಬರೆದದ್ದೆಲ್ಲ ಕೊನೆಗೆ ನೀರಿನ ಲೆಕ್ಕವಾಗಿಬಿಡುತ್ತದೆ ಎಂದು ನನ್ನ ಸೋದರಳಿಯ ಗೊಣಗುತ್ತಾನೆ. ಗೊಣಗಲಿ. ಭದ್ರಾ ಹಿನ್ನೀರಿನ ಟರ್ನ್ ಹಕ್ಕಿಯನ್ನು ಕಾಡುಕೊತ್ತಿ ಹಿಡಿಯುತ್ತದೋ ಇಲ್ಲವೋ ಎನ್ನುವ ಪ್ರಶ್ನೆಗೆ ಉತ್ತರ ಕೊತ್ತಿಯ ಹಸಿವಿನಲ್ಲೂ ಇಲ್ಲ, ಹಕ್ಕಿಯ ಜಾಣತನದಲ್ಲೂ ಇಲ್ಲ. ದಡಕ್ಕೂ ನಡುಗಡ್ಡೆಗೂ ನಡುವೆ ಎಷ್ಟು ನೀರು ನಿಂತಿದೆ ಎನ್ನುವುದರಲ್ಲಿದೆ.

ಮೊದಲು ಹಕ್ಕಿಯನ್ನು ಪರಿಚಯ ಮಾಡಿಕೊಡಬೇಕು. ಪುಸ್ತಕಗಳಲ್ಲಿ ನದಿ ರೀವ ಎಂದಿದೆ. ನಮ್ಮಲ್ಲಿ ದೋಣಿಯವರಿಂದ ಹಿಡಿದು ಫಾರೆಸ್ಟ್ ಗಾರ್ಡುಗಳವರೆಗೆ ಎಲ್ಲರಿಗೂ ಅದು ಟರ್ನೇ. ಬೂದು ಬೆನ್ನು, ಬಿಳಿ ಹೊಟ್ಟೆ, ಕವಲೊಡೆದ ಉದ್ದ ಬಾಲ. ಗೂಡಿನ ಕಾಲದಲ್ಲಿ ತಲೆಗೆ ಕಪ್ಪು ಟೊಪ್ಪಿ, ಅರಿಸಿನದ ಬಣ್ಣದ ಕೊಕ್ಕು, ಕೆಂಪು ಕಾಲು. ಅಷ್ಟು ಅಚ್ಚುಕಟ್ಟಾಗಿ ಉಡುಪು ತೊಟ್ಟ ಹಕ್ಕಿ ನಮ್ಮ ನೀರಿನ ಮೇಲೆ ಇನ್ನೊಂದಿಲ್ಲ ಎಂಬುದು ನನ್ನ ಪಕ್ಷಪಾತ. ನೀರಿನ ಮೇಲೆ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ತಲೆ ಕೆಳಗೆ ಮಾಡಿ ನೋಡಿ, ಧುಪ್ಪನೆ ಬಿದ್ದು ಮೀನು ಕಚ್ಚಿಕೊಂಡು ಏಳುತ್ತದೆ. ಗಂಡು ಆ ಮೀನನ್ನು ತಾನು ನುಂಗದೆ ಹೆಣ್ಣಿಗೆ ತಂದುಕೊಟ್ಟು ಒಲಿಸಿಕೊಳ್ಳುವುದನ್ನು ಫೆಬ್ರವರಿಯಲ್ಲಿ ಬಂದರೆ ದೋಣಿಯಲ್ಲಿ ಕೂತೇ ನೋಡಬಹುದು.

ಇಷ್ಟೆಲ್ಲ ಶಿಸ್ತಿನ ಹಕ್ಕಿ ಗೂಡಿನ ವಿಷಯಕ್ಕೆ ಬಂದರೆ ಮಹಾ ಸೋಮಾರಿ. ಒಂದು ಕಡ್ಡಿ ತರುವುದಿಲ್ಲ, ಹುಲ್ಲು ಹಾಸುವುದಿಲ್ಲ. ಬೋಳು ನೆಲದಲ್ಲಿ ಎದೆ ಒತ್ತಿ ಒಂದು ಸಣ್ಣ ತಗ್ಗು ಮಾಡಿ ಎರಡೋ ಮೂರೋ ಮೊಟ್ಟೆ ಇಟ್ಟುಬಿಡುತ್ತದೆ. ಕಂದು ಮಚ್ಚೆಯ ಆ ಮೊಟ್ಟೆಗಳು ಕಲ್ಲುಗಳ ನಡುವೆ ಇದ್ದರೆ ಕಾಲಿಟ್ಟ ಮೇಲೇ ಗೊತ್ತಾಗುವುದು. ಅದಕ್ಕೇ ಅಲ್ಲಿ ಕಾಲಿಡಬಾರದು. ಏಪ್ರಿಲ್ ಬಿಸಿಲಿಗೆ ನೆಲ ಕಾದಾಗ ತಾಯಿ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಅದೇ ಅದರ ಗೃಹಕೃತ್ಯ.

ಇನ್ನು ನೆಲದ ಲೆಕ್ಕ. ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಹಿಡಿಯುವ ನೀರು ಸುಮಾರು 71.5 ಟಿಎಂಸಿ. ಗಂಗಾಮೂಲದಿಂದ ಇಳಿದು ಬರುವ ಭದ್ರೆ ಇಲ್ಲಿ ಬಂದು ಕಾಡಿನ ಕಣಿವೆಗಳ ಒಳಗೆ ಕೈ ಚಾಚಿ ನಿಲ್ಲುತ್ತಾಳೆ. ಮುಳುಗಿದ ಗುಡ್ಡಗಳ ನೆತ್ತಿಗಳೇ ನಡುಗಡ್ಡೆಗಳು. ಮಳೆಗಾಲದಲ್ಲಿ ಅವುಗಳಲ್ಲಿ ಎಷ್ಟೋ ಕಾಣುವುದೇ ಇಲ್ಲ. ಜನವರಿಯಲ್ಲಿ ಕಾಡಾ, ಅಂದರೆ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಸಭೆ ಸೇರಿ ಬೇಸಿಗೆ ಬೆಳೆಗೆ ನೀರು ಬಿಡಲು ತೀರ್ಮಾನವಾಗುತ್ತದೆ. ಬಲದಂಡೆ ನಾಲೆ, ಎಡದಂಡೆ ನಾಲೆ ಹರಿಯತೊಡಗುತ್ತವೆ. ಜಲಾಶಯ ಇಳಿಯತೊಡಗುತ್ತದೆ. ಗುಡ್ಡದ ನೆತ್ತಿಗಳು ಒಂದೊಂದಾಗಿ ಮೇಲೇಳುತ್ತವೆ. ಟರ್ನ್‌ಗಳು ಬರುವುದೂ ಆಗಲೇ. ಎಲ್ಲಿಂದಲೋ ಬಂದು ಸೇರುತ್ತಾ ಸೇರುತ್ತಾ ಸಾವಿರಗಟ್ಟಲೆಯಾಗುತ್ತವೆ.

ಮೂರು ಸಾವಿರ ಕ್ಯೂಸೆಕ್ ನೀರು ನಾಲೆಗೆ ಹರಿದರೆ ನಾಲ್ಕು ದಿನಕ್ಕೆ ಒಂದು ಟಿಎಂಸಿ ಖಾಲಿ. ಟರ್ನ್ ಮೊಟ್ಟೆ ಇಟ್ಟು ಮರಿಯಾಗಲು ಮೂರು ವಾರದ ಸುಮಾರು, ಮರಿ ಹಾರಲು ಇನ್ನೊಂದು ತಿಂಗಳು. ಏಳು ವಾರ ಎಂದಿಟ್ಟುಕೊಳ್ಳಿ. ನಾಲೆಗಳು ಒಂದೇ ಸಮ ಹರಿದರೆ ಒಂದು ಗೂಡಿನ ಆಯುಷ್ಯದಲ್ಲಿ 12 ಟಿಎಂಸಿಗೂ ಹೆಚ್ಚು ನೀರು ಜಲಾಶಯದಿಂದ ಇಳಿದುಹೋಗಿರುತ್ತದೆ. ಆವಿಯಾಗುವುದು ಬೇರೆ. ಅಂದರೆ ಹಕ್ಕಿ ಮೊಟ್ಟೆ ಇಟ್ಟ ದಿನ ಸುತ್ತ ಆಳವಾದ ನೀರಿದ್ದ ನಡುಗಡ್ಡೆ, ಮರಿ ಓಡಾಡುವ ಹೊತ್ತಿಗೆ ದಡಕ್ಕೆ ಅಂಟಿಕೊಂಡ ಮೂಗು ಆಗಿರಬಹುದು. ಹಕ್ಕಿಗೆ ಈ ಲೆಕ್ಕ ಹೇಳುವವರು ಯಾರು? ಅದರ ಪೂರ್ವಿಕರು ಕಲಿತದ್ದು ಹರಿಯುವ ನದಿಯ ಮರಳುದಿಣ್ಣೆಗಳ ಪಾಠ. ಅಲ್ಲಿಯೂ ಬೇಸಿಗೆಯಲ್ಲಿ ನೀರು ಇಳಿಯುತ್ತದೆ, ಆದರೆ ನಾಲೆಯ ತೂಬು ಎತ್ತಿದಂತೆ ಅಲ್ಲ.

ತಗ್ಗಿನ ದಿಣ್ಣೆಯಲ್ಲಿ ಗೂಡು ಮಾಡಿದರೆ ಮೇ ಕೊನೆಯ ಮಳೆಗೆ, ತಪ್ಪಿದರೆ ಜೂನ್ ಮೊದಲ ಪ್ರವಾಹಕ್ಕೆ ಅದೇ ಮೊದಲು ಮುಳುಗುವುದು. ಎತ್ತರದ ದಿಣ್ಣೆಯಲ್ಲಿ ಮಾಡಿದರೆ ಅದೇ ಮೊದಲು ದಡಕ್ಕೆ ಸೇರುವುದು. ಕೆಳಗೆ ಹೋದರೆ ನೀರು, ಮೇಲೆ ಹೋದರೆ ಕೊತ್ತಿ. ಜೊತೆಗೆ ಎತ್ತರದ ದಿಣ್ಣೆಯಲ್ಲಿ ಹುಲ್ಲು ಬೇಗ ಬರುತ್ತದೆ, ಟರ್ನ್‌ಗೆ ಹುಲ್ಲು ಆಗುವುದಿಲ್ಲ. ಸುತ್ತ ಕಣ್ಣು ಹಾಯಿಸಲು ಬೋಳು ನೆಲ ಬೇಕು. ಹುಲ್ಲು ಬಂದಲ್ಲಿ ಇಲಿ, ಇಲಿ ಬಂದಲ್ಲಿ ಕೊತ್ತಿ.

ಹಿನ್ನೀರಿನಲ್ಲಿ ಮೀನು ತಿನ್ನುವ ಹಕ್ಕಿ ಇದೊಂದೇ ಅಲ್ಲವಲ್ಲ ಎಂದು ನೀವು ಕೇಳಬಹುದು. ನೀರುಕಾಗೆಗಳಿವೆ, ಹಾವಕ್ಕಿ ಇದೆ. ಈ ಹಾವಕ್ಕಿಯ ಗರಿ ಪೂರ್ತಿ ನೆನೆಯುವಂಥದ್ದು. ನೀರೊಳಗೆ ಮುಳುಗಿ ಈಜಿ ಮೀನನ್ನು ಚೂಪು ಕೊಕ್ಕಿನಿಂದ ತಿವಿಯುವುದಕ್ಕೆ ಅದು ಅನುಕೂಲ, ಮೇಲೆ ಬಂದ ಮೇಲೆ ಅದೇ ಭಾರ. ರೆಕ್ಕೆ ಹರವಿಕೊಂಡು ಒಣಗಿಸುತ್ತಾ ಕೂತಿರುವಾಗ ದಡದಲ್ಲಿದ್ದರೆ ಯಾವ ಕೊತ್ತಿಗಾದರೂ ಸುಲಭದ ತುತ್ತು. ಆದರೆ ಅದು ದಡದಲ್ಲಿ ಕೂರುವುದು ಕಡಿಮೆ. ನಮ್ಮ ಜಲಾಶಯದಲ್ಲಿ ಅಣೆಕಟ್ಟು ಕಟ್ಟಿದ ಕಾಲದಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ಇನ್ನೂ ನಿಂತಿವೆ. ನೀರಿನ ನಡುವೆ, ನೆಲದ ಹಂಗಿಲ್ಲದ ಜಾಗ. ಹಾವಕ್ಕಿ, ನೀರುಕಾಗೆ ಎರಡಕ್ಕೂ ಅವೇ ಪೀಠ. ಗೂಡೂ ಮರದ ಮೇಲೆಯೇ. ನೆಲವನ್ನೇ ನಂಬಿಕೊಂಡದ್ದು ಟರ್ನ್, ಅದರ ಪಕ್ಕದಲ್ಲಿ ಕೂಗಾಡುವ ಟಿಟ್ಟಿಭಗಳು, ಇನ್ನು ಕೆಲವು ಸಣ್ಣ ದಡದ ಹಕ್ಕಿಗಳು.

ಕೊತ್ತಿಗಳ ವಿಷಯ ಹೇಳುವಾಗ ಸ್ವಲ್ಪ ಗೊಂದಲ ತೆಗೆಯಬೇಕು. ಭದ್ರಾ ಹುಲಿ ಮೀಸಲು ಪ್ರದೇಶವಾದದ್ದು 1998ರಲ್ಲಿ. ಅಲ್ಲಿಂದ ಈಚೆಗೆ ಹಿನ್ನೀರಿಗೆ ಬಂದವರೆಲ್ಲ ದೋಣಿಯಲ್ಲಿ ಕೂತು ಹುಲಿ ಹುಡುಕುತ್ತಾರೆ. ಹುಲಿ ನೀರು ದಾಟುತ್ತದೆ, ಚಿರತೆಯೂ ದಾಟುತ್ತದೆ. ಆದರೆ ಅಂಗೈಯಗಲದ ಹಕ್ಕಿಮರಿಗೆ ಅವು ಶ್ರಮ ಪಡುವುದಿಲ್ಲ, ದಂಡೆಯ ಹುಲ್ಲಿಗೆ ಬರುವ ಜಿಂಕೆ ಇರುವಾಗ. ನಾನು ಹೇಳುತ್ತಿರುವುದು ಊರ ಕೊತ್ತಿಗಿಂತ ದೊಡ್ಡದಾದ, ಉದ್ದ ಕಾಲಿನ, ಗಿಡ್ಡ ಬಾಲದ ಕಾಡುಕೊತ್ತಿಯ ಕಥೆ. ಮಣ್ಣುಬಣ್ಣದ ಮೈ, ಕಾಲಿನ ಮೇಲೆ ಮಾಸಿದ ಪಟ್ಟೆ, ಕಿವಿಯ ತುದಿಯಲ್ಲಿ ಚೂರು ಕಪ್ಪು ಕೂದಲು. ಹೆಸರಿಗೆ ಕಾಡು, ಆದರೆ ದಟ್ಟ ಕಾಡಿಗಿಂತ ಅದಕ್ಕೆ ಇಷ್ಟ ಜೊಂಡು, ಹುಲ್ಲುಗಾವಲು, ಕಬ್ಬಿನ ಗದ್ದೆ, ಕೆರೆಯಂಚು. ಚಿರತೆಯ ಚುಕ್ಕೆ ಹೊತ್ತ ಚಿರತೆಬೆಕ್ಕು ಇನ್ನೊಂದು. ಅದು ನಿಜಕ್ಕೂ ಕಾಡಿನದು, ಚೆನ್ನಾಗಿ ಈಜುತ್ತದೆ. ರಾತ್ರಿಯ ಜೀವಿ, ನಾನು ನೋಡಿದ್ದು ಕಾರಿನ ಬೆಳಕಿನಲ್ಲಿ ಮಾತ್ರ. ಪುನುಗಿನ ಬೆಕ್ಕನ್ನೂ ಈ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ಬೆಕ್ಕಿನ ಕುಲವೇ ಅಲ್ಲ, ಹಣ್ಣು ತಿಂದುಕೊಂಡಿರುವ ಬೇರೆ ಬಳಗ. ಮೊಟ್ಟೆ ಸಿಕ್ಕರೆ ಬಿಡುವುದಿಲ್ಲ ಎನ್ನುವುದು ಬೇರೆ ಮಾತು.

"ಮೀನು ಹಿಡಿಯೋ ಬೆಕ್ಕು ನಮ್ಮಲ್ಲೂ ಇದೆ" ಎಂದು ವಾದಿಸುವವರು ಪ್ರತಿ ವರ್ಷ ಒಬ್ಬರಾದರೂ ಸಿಗುತ್ತಾರೆ. ಫಿಶಿಂಗ್ ಕ್ಯಾಟ್ ಎನ್ನುವ ಆ ಗಟ್ಟಿಮುಟ್ಟು ಪ್ರಾಣಿ ನೀರಿಗಿಳಿದು ಮೀನು ಹಿಡಿಯುತ್ತದೆ, ನೀರುಹಕ್ಕಿಗಳನ್ನೂ ಹಿಡಿಯುತ್ತದೆ. ಅದು ಬಂಗಾಳದ ರಾಜ್ಯಪ್ರಾಣಿ. ಒಡಿಶಾದ ಚಿಲಿಕಾದಲ್ಲಿ ಇದೆ, ಆಂಧ್ರದಲ್ಲಿ ಗೋದಾವರಿ ಮುಖದ ಕೋರಿಂಗಾ ಮ್ಯಾಂಗ್ರೋವ್ ಕಾಡಿನಲ್ಲಿದೆ. ನಮ್ಮ ಪಶ್ಚಿಮಘಟ್ಟದಲ್ಲಿ ಈಚಿನ ದಶಕಗಳಲ್ಲಿ ಖಚಿತ ದಾಖಲೆ ಸಿಕ್ಕಿಲ್ಲ. ಹಿನ್ನೀರಿನ ಅಂಚಿನಲ್ಲಿ ಬಾಗಿ ನೀರು ಕುಡಿಯುವ ಬೆಕ್ಕಿನ ಫೋಟೋ ತೋರಿಸಿದರೆ ಅದು ಮೀನುಬೆಕ್ಕಾಗುವುದಿಲ್ಲ.

2023ರ ಮುಂಗಾರು ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ. ಕಾಡಾ ಸಭೆಯಲ್ಲಿ ಯಾರಿಗೆ ಎಷ್ಟು ನೀರು ಎಂಬ ಜಗಳ, ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಆನ್ ಅಂಡ್ ಆಫ್ ಪದ್ಧತಿ, ನಾಲೆಯ ಕೊನೆಭಾಗದ ರೈತರ ಪ್ರತಿಭಟನೆ ಎಲ್ಲ ನೀವು ಪೇಪರಿನಲ್ಲಿ ಓದಿರುತ್ತೀರಿ. 2024ರ ಬೇಸಿಗೆಗೆ ಹಿನ್ನೀರು ಎಷ್ಟು ಹಿಂದೆ ಸರಿದಿತ್ತೆಂದರೆ, ನಾನು ನೌಕರಿಯಲ್ಲಿದ್ದಾಗ ದೋಣಿಯಲ್ಲಿ ದಾಟಿದ್ದ ಕಡೆ ಎಮ್ಮೆ ಮೇಯುತ್ತಿದ್ದವು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಅರಣ್ಯ ಇಲಾಖೆಯ ದೋಣಿ ಆ ಕಡೆ ಹೊರಟಿತ್ತು. ಹಳೆಯ ನೀರಿನ ದಾರಿ ಗೊತ್ತಿರುವವನು ಎಂದು ನನ್ನನ್ನೂ ಕರೆದರು. ಕೆಳಗೆ ಎಲ್ಲಿ ಬೊಡ್ಡೆ ಇದೆ, ಎಲ್ಲಿ ಬಂಡೆ ಇದೆ ಎಂಬುದು ನೀರು ಇಳಿದಾಗ ದೋಣಿಗೆ ಜೀವನ್ಮರಣದ ಪ್ರಶ್ನೆ.

ನಾವು ನೋಡಬೇಕಿದ್ದ ದಿಣ್ಣೆ ಆಗಲೇ ಮುಕ್ಕಾಲು ಪಾಲು ದಡ ಸೇರಿತ್ತು. ನಡುವೆ ಉಳಿದದ್ದು ಕೆಸರಿನ ಒಂದು ಪಟ್ಟಿ, ಅದರ ಮಧ್ಯೆ ಮೊಣಕಾಲುದ್ದ ಇರಬಹುದಾದ ನೀರು. ಹಿನ್ನೀರಿನ ಹೂಳು ಒಣಗುವುದಕ್ಕೆ ಒಂದು ಕ್ರಮ ಇದೆ. ನೀರಿನಂಚಿಗೆ ಕಾಲಿಟ್ಟರೆ ಸೊಂಟದವರೆಗೆ ಎಳೆದುಕೊಳ್ಳುವ ಕೆಸರು, ಅದರಾಚೆಗೆ ಮೇಲೆ ಪಕ್ಕು ಕಟ್ಟಿದ ಪಟ್ಟಿ, ಅದರಾಚೆಗೆ ಬಿರುಕುಬಿಟ್ಟ ಹೆಂಟೆ, ಆಮೇಲೆ ಹಸಿರು. ಪಕ್ಕು ಕಟ್ಟಿದ ಪಟ್ಟಿಯೇ ನಮ್ಮ ಹಾಜರಿ ಪುಸ್ತಕ. ಅದರ ಮೇಲೆ ನಡೆದವರ ಸಹಿ ಅಳಿಸುವುದಿಲ್ಲ.

ಅವತ್ತು ಅಲ್ಲಿ ಜಿಂಕೆ ಗೊರಸು ಬೇಕಾದಷ್ಟಿತ್ತು, ಆನೆ ಒಂದು ಬದಿಯಲ್ಲಿ ನಡೆದುಹೋಗಿ ಬಾವಿಗಳನ್ನೇ ತೋಡಿತ್ತು. ನೀರುನಾಯಿಗಳು ಓಡಾಡಿದ ಜಾಗದಲ್ಲಿ ಐದೈದು ಬೆರಳು, ನಡುವೆ ಜಾಲದ ಗುರುತು. ಅದರ ಪಕ್ಕದಲ್ಲಿ ಒಂದು ಗೆರೆ ಎಳೆದಂತೆ ದುಂಡನೆಯ ಹೆಜ್ಜೆಗಳು. ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ನಾಯಿಯಾಗಿದ್ದರೆ ಪ್ರತಿ ಬೆರಳಿನ ಮುಂದೆಯೂ ಉಗುರಿನ ಚುಕ್ಕೆ ಇರುತ್ತಿತ್ತು, ಅದೂ ಅತ್ತಿಂದಿತ್ತ ಅಲೆದಾಡಿಕೊಂಡು. ಕೊತ್ತಿ ಹಾಗೆ ಅಲೆಯುವುದಿಲ್ಲ. ಹಿಂದಿನ ಕಾಲನ್ನು ಮುಂದಿನ ಕಾಲು ಇಟ್ಟ ಜಾಗದಲ್ಲೇ ಇಡುತ್ತಾ ಬರುತ್ತದೆ. ಈ ಹೆಜ್ಜೆ ನೇರ ನೀರಿಗೆ ಇಳಿದಿತ್ತು. ದಿಣ್ಣೆಯ ಕಡೆಯ ಕೆಸರಿನಲ್ಲಿ ಮತ್ತೆ ಮೇಲೆದ್ದಿತ್ತು. ಈಜಿತೋ ನಡೆದೇ ಹೋಯಿತೋ ಹೇಳಲಾಗದು. ಕಾಡುಕೊತ್ತಿ ನೀರಿಗೆ ಅಂಜುವ ಪ್ರಾಣಿಯಲ್ಲ. ಆದರೂ ಆಳವಾದ ನೀರಿದ್ದರೆ, ಅದರಲ್ಲೂ ಮೊಸಳೆ ಇರುವ ನೀರಾದರೆ, ರಾತ್ರಿಯೂಟಕ್ಕಾಗಿ ಅಷ್ಟು ದೂರ ಈಜುವ ಅಗತ್ಯ ಅದಕ್ಕಿಲ್ಲ. ಮೊಣಕಾಲುದ್ದದ ನೀರಿಗೆ ಮಾತ್ರ ಯೋಚನೆ ಮಾಡುವುದಿಲ್ಲ.

ದೋಣಿಯನ್ನು ದೂರ ನಿಲ್ಲಿಸಿ ದುರ್ಬೀನಿನಲ್ಲಿ ನೋಡಿದೆವು. ದಡದ ಕಡೆಯ ಅರ್ಧ ದಿಣ್ಣೆ ಖಾಲಿ. ನೀರಿನ ಕಡೆಯ ಅರ್ಧದಲ್ಲಿ ಹಕ್ಕಿಗಳು ಒತ್ತೊತ್ತಾಗಿ ಕೂತಿದ್ದವು, ಬಸ್ಸಿನಲ್ಲಿ ಹಿಂದಿನ ಸೀಟು ಬಿಟ್ಟು ಎಲ್ಲರೂ ಮುಂದೆ ನೂಕಿಕೊಂಡ ಹಾಗೆ. ಖಾಲಿ ಭಾಗದ ಅಂಚಿಗೆ ಗಾರ್ಡ್ ಒಬ್ಬರು ಹೋಗಿಬಂದರು. ಅವರು ತಂದು ತೋರಿಸಿದ್ದು ಒಂದು ಜೊತೆ ಬೂದು ರೆಕ್ಕೆ, ಒಂದು ಕೆಂಪು ಕಾಲು, ಒಂದಿಷ್ಟು ಬಿಡಿ ಗರಿ.

ಗರಿ ನೋಡಿದರೆ ಕೊಂದವರ ಕುಲ ಗೊತ್ತಾಗುತ್ತದೆ. ಗಿಡುಗ ಜಾತಿಯ ಹಕ್ಕಿ ಕೊಂದರೆ ಕೊಕ್ಕಿನಿಂದ ಒಂದೊಂದೇ ಗರಿ ಹಿಡಿದು ಕೀಳುತ್ತದೆ. ಗರಿಯ ದಂಟು ಬುಡದವರೆಗೆ ಇಡಿಯಾಗಿರುತ್ತದೆ, ಕೆಲವೊಮ್ಮೆ ಕೊಕ್ಕು ಒತ್ತಿದ ಗುರುತು ಕಾಣುತ್ತದೆ. ಹಲ್ಲಿರುವ ಪ್ರಾಣಿ ಕಡಿಯುತ್ತದೆ. ದಂಟು ಅರ್ಧಕ್ಕೇ ತುಂಡಾಗಿ, ಅಗಿದಂತೆ ಸೀಳಿ, ಎಂಜಲು ಒಣಗಿ ಎರಡು ಮೂರು ಗರಿ ಒಂದಕ್ಕೊಂದು ಅಂಟಿರುತ್ತವೆ. ಬೆಕ್ಕು ಸಣ್ಣ ಹಕ್ಕಿಯಾದರೆ ಗರಿ ಸಮೇತ ನುಂಗುತ್ತದೆ. ದೊಡ್ಡದಾದರೆ ಬಾಯಿತುಂಬ ಗರಿ ಕಿತ್ತು ತಲೆ ಒದರಿ ಉಗಿಯುತ್ತದೆ, ಆಮೇಲೆ ತಿನ್ನುತ್ತದೆ. ಮನೆ ಬೆಕ್ಕು ಪಾರಿವಾಳ ಹಿಡಿದಾಗ ನೋಡಿದವರಿಗೆ ಇದು ಹೊಸದಲ್ಲ. ಅವತ್ತಿನ ಗರಿಗಳು ತುಂಡಾದವು, ಅಂಟಿಕೊಂಡವು. ಪಕ್ಕದಲ್ಲೇ ಆ ಹೆಜ್ಜೆಗಳಿದ್ದುದರಿಂದ ಕೊತ್ತಿಯದೇ ಕೆಲಸ ಎಂದು ಎಲ್ಲರೂ ಒಪ್ಪಿದೆವು. ನರಿಯಾದರೂ ಗರಿ ಕಡಿಯುತ್ತದೆ ಎಂದು ಒಬ್ಬರು ಹೇಳಿದರು. ಸರಿಯೇ. ಆದರೆ ನರಿಯ ಹೆಜ್ಜೆ ಅಲ್ಲೆಲ್ಲೂ ಇರಲಿಲ್ಲ.

ದೊಡ್ಡ ಹಕ್ಕಿಯನ್ನು ಕೊತ್ತಿ ಹಿಡಿಯುವುದು ಅಪರೂಪವೇ. ಹೆಚ್ಚು ಹೋಗುವುದು ಮರಿ. ಹಗಲಿನಲ್ಲಿ ಟರ್ನ್ ಗುಂಪಿನ ಕಾವಲು ಸಣ್ಣದಲ್ಲ. ಕಾಗೆ, ಗರುಡ, ಹದ್ದು ಯಾವುದೇ ಬರಲಿ, ನೂರಾರು ಹಕ್ಕಿ ಒಟ್ಟಿಗೆ ಎದ್ದು, ಕಿರುಚಿ, ತಲೆಯ ಮೇಲೆ ಎರಗಿ, ಹಿಕ್ಕೆ ಹಾಕಿ ಓಡಿಸುತ್ತವೆ. ಮರಿಗಳು ಇದ್ದಲ್ಲೇ ನೆಲಕ್ಕಂಟಿ ಮಲಗಿಬಿಡುತ್ತವೆ. ಮೈಬಣ್ಣ ಮಣ್ಣಿನದೇ, ಮೇಲಿನಿಂದ ನೋಡುವ ಕಣ್ಣಿಗೆ ಕಾಣುವುದಿಲ್ಲ. ಈ ಎರಡು ಉಪಾಯವೂ ಆಕಾಶದಿಂದ ಬರುವ ಶತ್ರುವಿಗೆ ಲೆಕ್ಕ ಹಾಕಿ ಮಾಡಿದ್ದು. ಕೊತ್ತಿ ಬರುವುದು ಕತ್ತಲಲ್ಲಿ, ನೆಲದ ಮೇಲೆ, ಕಿವಿಯನ್ನು ಮುಂದಿಟ್ಟುಕೊಂಡು. ಮರಿ ಒಮ್ಮೆ ಚೀಂ ಎಂದರೆ ಸಾಕು. ಕತ್ತಲಲ್ಲಿ ಎರಗಿ ಹೆದರಿಸಲು ಟರ್ನ್‌ಗೆ ಕಣ್ಣು ಸಾಲದು. ಅದು ಮಾಡುವುದು ಒಂದೇ, ಎದ್ದು ಹಾರಿಹೋಗುವುದು.

ನನಗೆ ಹೆಚ್ಚು ನಷ್ಟ ಎನ್ನಿಸುವುದು ಅಲ್ಲಿಯೇ. ಕೊತ್ತಿ ತಿನ್ನುವುದು ಒಂದು ಮರಿ, ಹೆಚ್ಚೆಂದರೆ ಎರಡು. ಅದರ ಹೊಟ್ಟೆ ಎಷ್ಟಿರುತ್ತದೆ? ಆದರೆ ಅದು ಓಡಾಡಿದಷ್ಟು ಹೊತ್ತೂ ಇಡೀ ಗುಂಪು ಗಾಳಿಯಲ್ಲಿರುತ್ತದೆ, ಇಲ್ಲವೇ ದೂರದ ಬೊಡ್ಡೆಗಳ ಮೇಲೆ. ಅಷ್ಟೂ ಮೊಟ್ಟೆ ತಣ್ಣಗಾಗುತ್ತವೆ. ಚಿಕ್ಕ ಮರಿಗಳು ಚಳಿಗೆ ನಡುಗುತ್ತವೆ. ಬೇರೆ ದೇಶಗಳಲ್ಲಿ ಗೂಬೆಯ ಕಾಟಕ್ಕೆ ಟರ್ನ್ ಗುಂಪುಗಳು ರಾತ್ರಿಯಿಡೀ ಗೂಡು ಬಿಟ್ಟುಹೋಗಿ ಮೊಟ್ಟೆಗಳು ಕೆಟ್ಟದ್ದನ್ನು ಪಕ್ಷಿತಜ್ಞರು ಬರೆದಿದ್ದಾರೆ. ಕೊತ್ತಿ ಎರಡು ಮೂರು ರಾತ್ರಿ ಬಂದರೆ ಹಕ್ಕಿಗಳು ಆ ಜಾಗದ ಆಸೆಯನ್ನೇ ಬಿಡುತ್ತವೆ. ಅವತ್ತು ನಾವು ಕಂಡ ಖಾಲಿ ಅರ್ಧ ದಿಣ್ಣೆ ಅಂಥದ್ದು. ಅಲ್ಲಿದ್ದ ಗೂಡುಗಳನ್ನೆಲ್ಲ ಕೊತ್ತಿ ತಿಂದು ಮುಗಿಸಿರಲಿಲ್ಲ.

ಹಗಲಲ್ಲಿ ಇದನ್ನೇ ಮಾಡುವ ಇನ್ನೊಂದು ಪ್ರಾಣಿ ಇದೆ, ಅದಕ್ಕೆ ಉದ್ದ ಲೆನ್ಸ್ ಇರುತ್ತದೆ. ದೋಣಿಯನ್ನು "ಇನ್ನೂ ಸ್ವಲ್ಪ ಹತ್ರ, ಇನ್ನೂ ಸ್ವಲ್ಪ" ಎಂದು ನೂಕಿಸುವವರು. ಹಕ್ಕಿಗಳೆಲ್ಲ ಒಟ್ಟಿಗೆ ಏಳುವ ಫೋಟೋ ಚೆಂದ ಬರುತ್ತದೆ, ನಿಜ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಬಿದ್ದ ಮೊಟ್ಟೆಗೆ ತಾಯಿ ಹತ್ತು ನಿಮಿಷ ಬರದಿದ್ದರೆ ಏನಾಗುತ್ತದೆ ಎಂದು ದೋಣಿಯವನಿಗೆ ಗೊತ್ತು. ಟಿಪ್ಸ್ ಕೊಡುವ ಗಿರಾಕಿಗೆ ಹೇಳಲು ಅವನಿಗೆ ಸಂಕೋಚ. ನೀವೇ ಹೇಳಿ, "ಸಾಕಪ್ಪ, ಇಲ್ಲೇ ನಿಲ್ಸು" ಎಂದು. ಅವನಿಗೂ ಸಮಾಧಾನ.

ಕೊತ್ತಿಯ ಪರವಾಗಿ ಒಂದು ಮಾತು. ಅದು ಹಿನ್ನೀರಿಗೆ ಬರುವುದು ಟರ್ನ್ ಹುಡುಕಿಕೊಂಡಲ್ಲ. ನೀರು ಸರಿದ ನೆಲದಲ್ಲಿ ಬೇಸಿಗೆಯಲ್ಲೂ ಹುಲ್ಲು ಚಿಗುರುತ್ತದೆ. ಸುತ್ತಿನ ಕಾಡು ಒಣಗಿ ಎಲೆ ಉದುರಿಸಿದಾಗ ಹಸಿರು ಇರುವುದು ಅಲ್ಲೇ. ಆನೆ, ಕಾಟಿ, ಜಿಂಕೆ ಎಲ್ಲ ಇಳಿದುಬರುವುದು ಅದಕ್ಕೇ. ಮೊಲ, ಇಲಿಗಳೂ ಬರುತ್ತವೆ. ಕೊತ್ತಿಯ ಕಣ್ಣು ಇಲಿಯ ಮೇಲೆ. ರಾಜಸ್ಥಾನದ ಸಾರಿಸ್ಕದಲ್ಲಿ ಕಾಡುಕೊತ್ತಿಗಳ ಹಿಕ್ಕೆ ಕೂಡಿಸಿ, ಅದರಲ್ಲಿನ ಕೂದಲು ಹಲ್ಲು ಬಿಡಿಸಿ ನೋಡಿದ ವಿಜ್ಞಾನಿಗಳು, ಒಂದು ಕೊತ್ತಿ ದಿನಕ್ಕೆ 3ರಿಂದ 5 ಇಲಿ ತಿನ್ನುತ್ತದೆ ಎಂದು ಲೆಕ್ಕ ಕೊಟ್ಟಿದ್ದಾರೆ. ವರ್ಷಕ್ಕೆ ಸಾವಿರ ದಾಟಿತು. ಹಕ್ಕಿ ಅದರ ಪಾಲಿಗೆ ನೆಂಚಿಕೊಳ್ಳಲು ಸಿಕ್ಕ ಉಪ್ಪಿನಕಾಯಿ. ಇಲಿ ಹುಡುಕುತ್ತಾ ಹುಲ್ಲಿನಂಚಿನವರೆಗೆ ಬರುತ್ತದೆ, ಅಲ್ಲಿ ನಿಂತರೆ ಮರಿಗಳ ಸದ್ದು ಕೇಳುತ್ತದೆ, ನಡುವೆ ನೀರಿಲ್ಲ. ಯಾವ ಕೊತ್ತಿ ತಿರುಗಿ ಹೋದೀತು?

ಅದಕ್ಕೇ, "ಬೋನಿಟ್ಟು ಕೊತ್ತಿ ಹಿಡಿದು ಬೇರೆ ಕಡೆ ಬಿಡಿ, ಅಳಿವಿನಂಚಿನ ಹಕ್ಕಿ ಉಳಿಯುತ್ತದೆ" ಎನ್ನುವವರ ಮಾತು ನನಗೆ ರುಚಿಸುವುದಿಲ್ಲ. ನದಿ ರೀವ ಈಗ ಜಾಗತಿಕ ಕೆಂಪುಪಟ್ಟಿಯಲ್ಲಿ ಅಪಾಯದಲ್ಲಿರುವ ಹಕ್ಕಿ, ಒಪ್ಪೋಣ. ನದಿಗಳಿಗೆ ಅಣೆಕಟ್ಟು ಬಂದು, ಮರಳು ಲಾರಿಗಳು ದಿಣ್ಣೆಗಳನ್ನೇ ಹೊತ್ತುಕೊಂಡು ಹೋಗಿ ಅದಕ್ಕೆ ಈ ಗತಿ ಬಂತೇ ಹೊರತು ಕೊತ್ತಿಯಿಂದಲ್ಲ. ಒಂದು ಕೊತ್ತಿ ಹಿಡಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಊರ ಬದಿಯ ದಡದಲ್ಲಂತೂ ಕೊತ್ತಿಗಿಂತ ನಾಯಿಯೇ ದೊಡ್ಡ ಪೀಡೆ. ಕೊತ್ತಿ ಒಂಟಿಯಾಗಿ ಬಂದು ಹೊಟ್ಟೆ ತುಂಬಿದರೆ ಹೋಗುತ್ತದೆ. ನಾಯಿಗಳು ಗುಂಪಾಗಿ ಬಂದು ಹಸಿವಿಲ್ಲದಿದ್ದರೂ ತುಳಿದು, ಕಚ್ಚಿ, ಆಟವಾಡಿ ಹೋಗುತ್ತವೆ.

ಮಾಡಬಹುದಾದದ್ದು ಇದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ನಡುವೆ ಹರಿಯುವ ಚಂಬಲ್ ನದಿಯಲ್ಲಿ ಇದೇ ಕಷ್ಟ ಇನ್ನೂ ದೊಡ್ಡದಾಗಿದೆ. ಬೇಸಿಗೆಯಲ್ಲಿ ಮರಳುದಿಣ್ಣೆ ದಡ ಸೇರುತ್ತದೆ, ನಾಯಿ ನರಿ ನಡೆದುಬರುತ್ತವೆ. ಅಲ್ಲಿ ಟರ್ನ್ ಜೊತೆಗೆ ಸ್ಕಿಮ್ಮರ್ ಎಂಬ ಇನ್ನೊಂದು ಅಪರೂಪದ ಹಕ್ಕಿಯೂ ಗೂಡು ಮಾಡುವುದರಿಂದ, ದಡದ ಹಳ್ಳಿಯವರನ್ನೇ ಗೂಡುಕಾವಲಿಗೆ ಇಟ್ಟಿದ್ದಾರೆ. ನಮ್ಮ ಜಲಾಶಯದಲ್ಲಿ ಅದಕ್ಕಿಂತ ಸುಲಭದ ದಾರಿ ಇದೆ ಎಂದು ನನ್ನ ಲೆಕ್ಕ. ದಿಣ್ಣೆಗೂ ದಡಕ್ಕೂ ನಡುವಿನ ತಗ್ಗು ಎಲ್ಲಿದೆ, ಯಾವ ಮಟ್ಟಕ್ಕೆ ಅದು ಬಯಲಾಗುತ್ತದೆ ಎನ್ನುವುದು ನೀರು ಇಳಿದ ವರ್ಷಗಳಲ್ಲಿ ಕಣ್ಣಿಗೆ ಕಾಣುತ್ತದೆ. ಅಂಥ ಕಡೆ ಮಳೆಗೆ ಮುಂಚೆ ಅಡ್ಡಲಾಗಿ ಒಂದು ಅಗಲದ ಕಾಲುವೆ ತೋಡಿಸಿದರೆ, ಸಾಧಾರಣ ವರ್ಷಗಳಲ್ಲಾದರೂ ಏಪ್ರಿಲ್ ಮುಗಿಯುವವರೆಗೆ ಅದರಲ್ಲಿ ನೀರು ನಿಲ್ಲುತ್ತದೆ. ವರ್ಷ ವರ್ಷ ಹೂಳು ತುಂಬುತ್ತದೆ, ತೆಗೆಸಬೇಕು, ಅದು ಗೊತ್ತು. ಹುಲಿ ಮೀಸಲಿನ ನೆಲದಲ್ಲಿ ಜೆಸಿಬಿ ಇಳಿಸಲು ಎಷ್ಟು ಅನುಮತಿ ಬೇಕೆಂಬುದೂ ಗೊತ್ತು. ಇದನ್ನು ಹೇಳಿದಾಗ ಒಬ್ಬ ಅಧಿಕಾರಿ ನಕ್ಕು, "ನಾಲೆ ಹೂಳು ತೆಗೆಸೋಕೇ ದುಡ್ಡಿಲ್ಲ, ನೀವು ಹಕ್ಕಿಗೆ ನಾಲೆ ತೋಡಿ ಅಂತೀರಲ್ಲ ಸ್ವಾಮಿ" ಎಂದರು. ಅವರ ಮಾತಿನಲ್ಲೂ ಸುಳ್ಳಿಲ್ಲ.

ಟರ್ನ್‌ಗಾಗಿ ನಾಲೆಯ ನೀರು ನಿಲ್ಲಿಸಿ ಎಂದು ಮಾತ್ರ ನಾನು ಎಂದೂ ಹೇಳಿಲ್ಲ, ಹೇಳುವುದೂ ಇಲ್ಲ. ಕೊನೆಭಾಗದ ಗದ್ದೆಯಲ್ಲಿ ತೆನೆ ಹಾಲುಗಟ್ಟುವಾಗ ನೀರಿಲ್ಲದೆ ನಿಂತ ರೈತನ ಮುಖ ನೋಡಿದವನು ಆ ಮಾತಾಡಲಾರ. ಆದರೆ ಬಿಡುವ ನೀರನ್ನು ಹೇಗೆ ಬಿಡುತ್ತೇವೆ, ಯಾವ ವಾರ ನಿಲ್ಲಿಸುತ್ತೇವೆ ಎಂದು ಹೇಗೂ ಚರ್ಚೆ ಆಗುತ್ತದಲ್ಲ. ಆ ಮೇಜಿನ ಮೇಲೆ ಬೆಳೆಯ ಪಟ್ಟಿಯ ಕೆಳಗೆ ಇದೂ ಒಂದು ಸಾಲು ಇರಲಿ ಎನ್ನುವುದಷ್ಟೇ ನನ್ನ ಬೇಡಿಕೆ. ಇಂತಿಂಥ ದಿಣ್ಣೆ ಇಂತಿಂಥ ಅಡಿಗೆ ದಡ ಸೇರುತ್ತದೆ.

2024ರಲ್ಲಿ ಮಳೆ ತಾನೇ ಎಲ್ಲ ಸರಿಮಾಡಿತು. ಜುಲೈ ಕೊನೆಗೆ ಜಲಾಶಯ ತುಂಬಿ ಗೇಟು ಎತ್ತಿದರು. ದಿಣ್ಣೆಗಳು, ಹೆಜ್ಜೆಗಳು, ಗರಿಗಳು ಎಲ್ಲ ಎಷ್ಟೋ ಅಡಿ ಕೆಳಗೆ ಹೋದವು. ಟರ್ನ್‌ಗಳು ಅದಕ್ಕೂ ಮೊದಲೇ ಹೊರಟುಹೋಗಿದ್ದವು, ಹಾರಲು ಬಂದ ಮರಿಗಳನ್ನು ಕರೆದುಕೊಂಡು. ಹಿನ್ನೀರಿನಂಚಿನ ಹುಲ್ಲು ಮುಳುಗಿದ ಮೇಲೆ ಕೊತ್ತಿಗಳು ಮೇಲಕ್ಕೆ ಸರಿಯುತ್ತವೆ, ತೋಟದ ಬೇಲಿ, ಕಬ್ಬಿನ ಸಾಲು, ಹಿತ್ತಲು.

ಆ ಆಗಸ್ಟಿನಲ್ಲಿ ಅತ್ತಿಗೆಯ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ನಾಟಿಕೋಳಿಯ ಗರಿ ಚೆಲ್ಲಾಡಿತ್ತು. ಬಗ್ಗಿ ಒಂದೆರಡು ಎತ್ತಿ ನೋಡಿದೆ, ದಂಟು ಅರ್ಧಕ್ಕೆ ತುಂಡು.

"ಏನ್ ನೋಡ್ತೀರಿ, ಅದೇ ನಿಮ್ಮ ಕಾಡುಕೊತ್ತಿ. ಮೊಟ್ಟೆ ಇಡೋ ಕೋಳಿ" ಅಂದರು ಅತ್ತಿಗೆ.

ಅದು ದಿನಕ್ಕೆ ಮೂರರಿಂದ ಐದು ಇಲಿ ತಿನ್ನುತ್ತದೆ, ನಿಮ್ಮ ಕಣಜಕ್ಕೆ ಎಷ್ಟು ಉಪಕಾರ ಗೊತ್ತೇ ಎಂದು ಸಾರಿಸ್ಕದ ಲೆಕ್ಕ ಒಪ್ಪಿಸಿದೆ.

"ಹಂಗಾದ್ರೆ ಮೊನ್ನೆ ರಾತ್ರಿ ಇಲಿ ರಜಾ ಹಾಕಿದ್ವಾ?" ಎಂದು ಕೇಳಿ, ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.